ಒಲೆಯ ಹಿಂದಿನ ಓಣಿ

ಟಕ್ ಎಂದು ಚಿಲಕ ಬಿತ್ತು. ಹೊರಗಿನಿಂದ.

“ಈ ಬಾಗಿಲು ತೆರೆದಿಡಬೇಡ ಅಂತ ಎಷ್ಟು ಸಲ ಹೇಳೋದು, ಹೆಡ್ವಿಕಾ?” ಅದು ಕುಬೀನೋವಾ ಮೇಡಂ ಧ್ವನಿ.

“ಸಾರಿ ಮೇಡಂ. ಇವರಿಗೆ ತೋರಿಸ್ತಿದ್ದೆ. ಮುಚ್ಚೋಕೆ ಮರೆತೆ.”

“ತೋರಿಸ್ಬೇಕು, ಮುಚ್ಚಬೇಕು. ಸರಿ, ಮುಂದಕ್ಕೆ ಹೇಳು. ನಾನು ಇಲ್ಲಿ ಇಲ್ಲವೇ ಇಲ್ಲ ಅಂದ್ಕೋ.”

ಬಾಗಿಲ ಈಚೆ, ಕತ್ತಲಲ್ಲಿ, ವೆಂದುಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಒಂದು ನಿಮಿಷದ ಹಿಂದೆ ಅವಳು ಅರಮನೆಯ ಹಸಿರು ಕೋಣೆಯಲ್ಲಿ ಎಲ್ಲರ ಹಿಂದೆ ಇದ್ದಳು. ಟಿಕೆಟ್ ತೆಗೆದುಕೊಂಡವರು ಹದಿನಾರು ಜನ. ಅವಳು ಹದಿನೇಳನೆಯವಳು. ದಿನದ ಕೊನೆಯ ತಂಡಕ್ಕೆ ಟಿಕೆಟ್ ಮುಗಿದಿದ್ದವು. ಆದರೆ ಅಕ್ಕ ಹೆಡ್ವಿಕಾ ಮೊದಲ ಸಲ ಒಬ್ಬಳೇ ಅರಮನೆ ತೋರಿಸುವುದನ್ನು ವೆಂದುಲಾ ನೋಡಲೇಬೇಕಿತ್ತು.

“ಹಿಂದೇನೇ ಬಾ. ಬಾಯಿ ಬಿಡ್ಬೇಡ,” ಎಂದು ಹೆಡ್ವಿಕಾ ಮೆಟ್ಟಿಲ ಹತ್ತಿರ ಪಿಸುಗುಟ್ಟಿದ್ದಳು. “ನಾನು ತಲೆ ಎಣಿಸುವಾಗ ನಿನ್ನ ಬಿಟ್ಟು ಎಣಿಸ್ತೀನಿ.”

ಒಂದು ಕೋಣೆ ಮುಗಿದ ಮೇಲೆ ಎಲ್ಲರನ್ನೂ ಮುಂದಿನ ಕೋಣೆಗೆ ಕಳಿಸಬೇಕು, ತಲೆ ಎಣಿಸಬೇಕು, ಹಿಂದಿನ ಬಾಗಿಲಿಗೆ ಬೀಗ ಹಾಕಬೇಕು. ಅದು ಅರಮನೆಯ ನಿಯಮ. ಹೋದ ವಾರ ಅರಮನೆ ತೋರಿಸುತ್ತಿದ್ದ ಕಾಲೇಜಿನ ಹುಡುಗನೊಬ್ಬ ಒಂದೇ ಒಂದು ಬಾಗಿಲಿಗೆ ಬೀಗ ಹಾಕಲು ಮರೆತಿದ್ದ. ಸಂಜೆಯೇ ಕುಬೀನೋವಾ ಮೇಡಂ ಅವನಿಂದ ಬೀಗದಕೈಗಳ ಗೊಂಚಲು ವಾಪಸ್ ತೆಗೆದುಕೊಂಡಿದ್ದರು.

ಆ ಮೇಡಂ ಹಸಿರು ಕೋಣೆಗೆ ಹೇಳದೆ ಕೇಳದೆ ಬಂದುಬಿಟ್ಟರು. ಅರಮನೆಯ ಮೇಲ್ವಿಚಾರಣೆ ಅವರದೇ. ಇವತ್ತು ಟಿಕೆಟ್ ಕಿಟಕಿಯಲ್ಲಿ ಕೂತಿದ್ದವರೂ ಅವರೇ. ಯಾರು ಟಿಕೆಟ್ ಕೊಂಡಿದ್ದಾರೆ, ಯಾರು ಕೊಂಡಿಲ್ಲ ಎಂದು ಮುಖ ನೋಡಿಯೇ ಹೇಳುತ್ತಾರೆ.

ಹೆಡ್ವಿಕಾಳ ಕಣ್ಣು ಒಂದು ಕ್ಷಣ ವೆಂದುಲಾ ಮೇಲೆ ನಿಂತಿತ್ತು. ಮಾಯವಾಗು ಎನ್ನುವ ಹಾಗೆ.

ಕೋಣೆ ಬೆಚ್ಚಗಿಡುವ ಆಳೆತ್ತರದ ಬಿಳಿ ಪಿಂಗಾಣಿ ಒಲೆಯ ಪಕ್ಕದಲ್ಲಿ ಪುಟ್ಟ ಬಾಗಿಲೊಂದು ತೆರೆದಿತ್ತು. ಗೋಡೆಯ ಹಸಿರು ಕಾಗದವನ್ನೇ ಅದಕ್ಕೂ ಅಂಟಿಸಿದ್ದರಿಂದ ಮುಚ್ಚಿದರೆ ಅದು ಬಾಗಿಲೆಂದೇ ಗೊತ್ತಾಗುತ್ತಿರಲಿಲ್ಲ. ವೆಂದುಲಾ ಅದರೊಳಗೆ ನುಸುಳಿದಳು. ಮೇಡಂ ಅದನ್ನು ಮುಚ್ಚಿದರು. ಅಷ್ಟೇ ಆಗಿದ್ದು.

ಈಗ ಆಚೆ ಹದಿನಾರು ಜನರ ಕಾಲು ಸರ್ ಸರ್ ಎಂದು ದೂರ ಹೋಗುತ್ತಿದ್ದವು. ನೆಲ ಗೀರದಿರಲೆಂದು ಎಲ್ಲರೂ ಶೂ ಮೇಲೆ ದೊಡ್ಡ ದೊಡ್ಡ ಉಣ್ಣೆಯ ಚಪ್ಪಲಿ ಹಾಕಿಕೊಂಡಿದ್ದರು. ಆಮೇಲೆ ಬೀಗ ತಿರುಗಿದ ಸದ್ದು. ಆಮೇಲೆ ಏನೂ ಇಲ್ಲ.

ವೆಂದುಲಾ ಬಾಗಿಲನ್ನು ಮೆಲ್ಲಗೆ ತಳ್ಳಿದಳು. ಅಲುಗಲಿಲ್ಲ. ಮತ್ತೆ ತಳ್ಳಿದಳು. ಒಳಗಡೆ ಹಿಡಿಕೆಯೇ ಇರಲಿಲ್ಲ.

ಇದು ಕೊನೆಯ ತಂಡ. ಇವರು ಹೋದ ಮೇಲೆ ಈ ಕೋಣೆಗೆ ಯಾರೂ ಬರುವುದಿಲ್ಲ. ನಾಳೆ ಸೋಮವಾರ. ಸೋಮವಾರ ಅರಮನೆಗೆ ರಜೆ.

ಅವಳಿಗೆ ಈ ಓಣಿಯ ಬಗ್ಗೆ ಗೊತ್ತಿತ್ತು. ಚಳಿಗಾಲ ಪೂರ್ತಿ ಹೆಡ್ವಿಕಾ ಅಡುಗೆಮನೆಯಲ್ಲಿ ನಿಂತು ಇಪ್ಪತ್ತೆರಡು ಪುಟ ಬಾಯಿಪಾಠ ಮಾಡಿದ್ದಳು. ಫ್ರಿಜ್ಜೇ ಒಲೆ, ಊಟದ ಮೇಜೇ ರಾಣಿಯ ಮಂಚ. ಪುಸ್ತಕ ಹಿಡಿದು ತಪ್ಪು ತೋರಿಸುತ್ತಿದ್ದವಳು ವೆಂದುಲಾ. “ಚಕ್ರವರ್ತಿ ಬೇಟೆಗೆ ಬಂದಾಗ ಕೋಣೆಗಳೆಲ್ಲ ಬೆಚ್ಚಗಿರಬೇಕಿತ್ತು. ಆದರೆ ಸೌದೆ, ಬೂದಿ, ಕೆಲಸದವರು, ಇವು ಯಾವುವೂ ಅವರ ಕಣ್ಣಿಗೆ ಬೀಳಬಾರದಿತ್ತು. ಅದಕ್ಕೇ ಗೋಡೆಯ ಹಿಂದೆ ಈ ಓಣಿ. ಒಲೆಗಳಿಗೆ ಹಿಂದಿನಿಂದಲೇ ಬೆಂಕಿ ಹಾಕುತ್ತಿದ್ದರು.”

ಹಾಗಾದರೆ ಓಣಿ ಎಲ್ಲ ಕೋಣೆಗಳ ಹಿಂದೆಯೂ ಹೋಗಬೇಕು. ಎಲ್ಲೋ ಒಂದು ಕಡೆ ಹೊರಗೂ ಹೋಗಬೇಕು.

ಅವಳು ಗೋಡೆ ಮುಟ್ಟಿಕೊಂಡು ನಡೆದಳು. ಎರಡೂ ಭುಜ ಗೋಡೆಗೆ ತಾಗುತ್ತಿದ್ದವು. ಮುಖಕ್ಕೆ ಜೇಡರ ಬಲೆ ಅಂಟಿತು. ಕಾಲಿನ ಹತ್ತಿರ ಏನೋ ಸರಿದಂತಾಯಿತು. ಇಲಿ ಎಂದುಕೊಂಡಳು. ಇಲಿಯೇ ಆಗಿರಲಿ ಎಂದುಕೊಂಡಳು.

ಕೈಗೆ ತಣ್ಣನೆಯ ಕಬ್ಬಿಣ ತಗುಲಿತು. ಮುಂದಿನ ಒಲೆಯ ಬಾಗಿಲು. ಅದರ ಬಿರುಕಿನಿಂದ ಕೂದಲೆಳೆಯಷ್ಟು ಬೆಳಕು, ಅದರ ಜೊತೆ ಅಕ್ಕನ ಧ್ವನಿ.

“...ಈ ಸಂಗೀತದ ಕೋಣೆಯಲ್ಲಿ ರಾಣಿ ದಿನಾ ಎರಡು ಗಂಟೆ ಪಿಯಾನೋ ಬಾರಿಸುತ್ತಿದ್ದರು.”

“ಚೆನ್ನಾಗಿ ಬಾರಿಸ್ತಿದ್ರಾ?” ಅದು ಕೆಂಪು ಟೋಪಿಯ ಅಜ್ಜ. ಮೊದಲ ಕೋಣೆಯಿಂದಲೂ ತಮಾಷೆ ಮಾಡುತ್ತಲೇ ಇದ್ದರು.

“ಚೆನ್ನಾಗಿಲ್ಲ ಅಂತ ಹೇಳೋ ಧೈರ್ಯ ಯಾರಿಗೂ ಇರಲಿಲ್ಲ,” ಎಂದಳು ಹೆಡ್ವಿಕಾ.

ಎಲ್ಲರೂ ನಕ್ಕರು. ಅದು ಪುಸ್ತಕದಲ್ಲಿ ಇಲ್ಲದ ಮಾತು. ವೆಂದುಲಾಗೂ ನಗು ಬಂತು. ನಗುವಿನ ಜೊತೆ ಹಳೆಯ ಬೂದಿ ಮೂಗಿಗೆ ಹೋಯಿತು. ತಡೆಯಲು ಆಗಲಿಲ್ಲ. ಕೆಮ್ಮಿಬಿಟ್ಟಳು.

ಕೆಮ್ಮು ಒಲೆಯ ಹೊಟ್ಟೆಯೊಳಗೆ ಗುಡುಗಿದಂತೆ ಕೇಳಿಸಿತು.

ಆಚೆ ಸದ್ದಡಗಿತು.

“ಅಯ್ಯೋ, ಒಲೆಗೆ ನೆಗಡಿ ಆಗಿದೆ,” ಎಂದರು ಅಜ್ಜ. ಯಾರೋ ಕಿಸಕ್ಕೆಂದರು.

ವೆಂದುಲಾ ಕಾಯುತ್ತಿದ್ದಳು. ಈಗ ಅಕ್ಕ ಓಡಿ ಬರುತ್ತಾಳೆ. ಈಗ ಹೆಸರು ಕೂಗುತ್ತಾಳೆ.

“ಅದು... ಗಾಳಿ,” ಎಂದಳು ಹೆಡ್ವಿಕಾ. “ಹಳೇ ಕಟ್ಟಡ ಅಲ್ವಾ. ಚಿಮಣಿಯಲ್ಲಿ ಗಾಳಿ ಸೇರಿಕೊಳ್ಳುತ್ತೆ. ಬನ್ನಿ, ಊಟದ ಕೋಣೆಗೆ ಹೋಗೋಣ.”

ಸರ್ ಸರ್. ಬೀಗ.

ವೆಂದುಲಾಗೆ ಮೊದಲು ಅರ್ಥವಾಗಲಿಲ್ಲ. ಒಂದೇ ಎರಡಂತಸ್ತಿನ ಮಂಚದಲ್ಲಿ ಮೇಲೆ ಕೆಳಗೆ ಮಲಗುವವರು ಅವರು. ಅವಳ ಕೆಮ್ಮು ಅಕ್ಕನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಾಗಿರಬೇಕು. ಗೊತ್ತಾಗಿಯೂ ಗಾಳಿ ಎಂದಳು.

ಅಲ್ಲಿಯವರೆಗೆ ಅವಳು ಕತ್ತಲಿಗೆ ಹೆದರಿದ್ದಳು. ಈ ಹೆದರಿಕೆ ಬೇರೆಯದು.

ಅವಳು ಬೇಗ ಬೇಗ ಮುಂದೆ ಸರಿದಳು. ಮೊಣಕೈ ತರಚಿತು. ಮತ್ತೊಂದು ಕಬ್ಬಿಣದ ಬಾಗಿಲು, ಮತ್ತೊಂದು ಎಳೆ ಬೆಳಕು. ಊಟದ ಕೋಣೆ. ಅವಳು ಮುಷ್ಟಿ ಎತ್ತಿದಳು. ಮೂರು ಸಲ ಬಡಿದರೆ ಸಾಕು.

“ಚೆನ್ನಾಗಿ ಹೇಳ್ತಿದ್ದೀಯ,” ಎಂದ ಮೇಡಂ ಧ್ವನಿ ತೀರಾ ಹತ್ತಿರದಿಂದ, ಒಲೆಯ ಪಕ್ಕದಿಂದಲೇ ಕೇಳಿಸಿತು. “ಹೀಗೇ ಮುಗಿಸಿದ್ರೆ ನಾಳಿದ್ದಿನಿಂದ ನಿನಗೇ ಸ್ವಂತ ಗೊಂಚಲು ಕೊಡ್ತೀನಿ.”

ವೆಂದುಲಾಳ ಕಾಲು ನಡುಗಿತು. ಎತ್ತಿದ ಮುಷ್ಟಿ ಎತ್ತಿದಲ್ಲೇ ಇತ್ತು. ಆಮೇಲೆ ಕೆಳಗಿಳಿಯಿತು.

ಹೆಡ್ವಿಕಾ ಬೆಳ್ಳಿ ತಟ್ಟೆಗಳ ಕತೆ ಹೇಳುತ್ತಿದ್ದಳು. ಮಧ್ಯದಲ್ಲಿ ತಡವರಿಸಿದಳು. “ನಲವತ್ತು ಜನ ಕೂರುವ ಮೇಜು... ನಲವತ್ತು ಜನ...” ಮುಂದಿನ ಮಾತು ಬರಲಿಲ್ಲ. ಚಕ್ರವರ್ತಿ ಚಮಚ ಕೆಳಗಿಟ್ಟರೆ ಎಲ್ಲರೂ ಕೆಳಗಿಡಬೇಕಿತ್ತು, ಎಂದು ವೆಂದುಲಾ ಕತ್ತಲಲ್ಲಿ ತುಟಿ ಅಲ್ಲಾಡಿಸಿದಳು. ಅಕ್ಕನಿಗೆ ಅದು ಕೇಳಿಸುವ ಹಾಗಿರಲಿಲ್ಲ.

ಮುಂದಿನದು ರಾಣಿ ಮಲಗುವ ಕೋಣೆ. ಅದೇ ಕೊನೆಯದು.

ಅದರ ಒಲೆಯ ಹಿಂದೆ ಓಣಿ ಮುಗಿದಿತ್ತು. ವೆಂದುಲಾ ಕೈಯಾಡಿಸಿದಳು. ಮುಂದೆ ಇಟ್ಟಿಗೆ. ಪಕ್ಕಕ್ಕೆ ಇಟ್ಟಿಗೆ. ಎಂದೋ ಯಾರೋ ದಾರಿಗೆ ಗೋಡೆ ಕಟ್ಟಿಬಿಟ್ಟಿದ್ದರು.

ಉಸಿರು ಜೋರಾಯಿತು. ಅಮ್ಮ ಊರಲ್ಲಿಲ್ಲ, ಮಂಗಳವಾರ ಬರುತ್ತಾಳೆ. ವೆಂದುಲಾ ಇಲ್ಲಿದ್ದಾಳೆಂದು ಗೊತ್ತಿರುವುದು ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ. ಆ ಒಬ್ಬಳು ಆಚೆ ನಿಂತು ರಾಣಿಯ ರೇಷ್ಮೆ ಪರದೆಯ ಬಗ್ಗೆ ಹೇಳುತ್ತಿದ್ದಾಳೆ.

“...ಇಲ್ಲಿಗೆ ನಮ್ಮ ಅರಮನೆ ಭೇಟಿ ಮುಗಿಯಿತು. ಬಂದಿದ್ದಕ್ಕೆ ಎಲ್ಲರಿಗೂ ಧನ್ಯವಾದ.”

ಚಪ್ಪಾಳೆ ಕೇಳಿಸಿತು. ಗೊಂಚಲು ಝಣ್ ಎಂದಿತು.

“ಎಷ್ಟು ಜನ?” ಎಂದರು ಮೇಡಂ.

“ಹದಿನಾರು.”

“ಸರಿ ಇದೆ. ಬಾಗಿಲು ತೆಗಿ.”

ಬೀಗದಕೈ ತಿರುಗಿದ ಸದ್ದು ವೆಂದುಲಾಗೆ ಕೇಳಿಸಲಿಲ್ಲ. ಅವಳು ಕಿವಿಯನ್ನು ಕಬ್ಬಿಣಕ್ಕೆ ಒತ್ತಿದಳು.

“ಮೇಡಂ,” ಎಂದಳು ಹೆಡ್ವಿಕಾ. ಅದು ಅರಮನೆ ತೋರಿಸುವ ಧ್ವನಿಯಲ್ಲ. ಮನೆಯಲ್ಲಿ ಜ್ವರ ಬಂದಾಗಿನ ಧ್ವನಿ. “ಹದಿನೇಳು ಆಗ್ಬೇಕು.”

“ಏನು?”

“ನನ್ನ ತಂಗಿ. ಟಿಕೆಟ್ ಇಲ್ದೆ ಒಳಗೆ ಬಿಟ್ಟಿದ್ದೆ. ಒಲೆ ಹಿಂದಿನ ಓಣೀಲಿ ಸಿಕ್ಕಿಹಾಕ್ಕೊಂಡಿದ್ದಾಳೆ. ಕೆಮ್ಮಿದ್ದು ಅವಳೇ. ಗಾಳಿ ಅಲ್ಲ.”



ಆಗ ವೆಂದುಲಾ ಬಡಿದಳು. ಎರಡೂ ಮುಷ್ಟಿಯಿಂದ ಬಡಿಯುತ್ತಲೇ ಇದ್ದಳು.

ಓಣಿಯಲ್ಲಿ ಬಂದ ದಾರಿಯಲ್ಲೇ ಅವಳು ವಾಪಸ್ ನಡೆದಳು. ಹಸಿರು ಕೋಣೆಯ ಪುಟ್ಟ ಬಾಗಿಲು ತೆರೆದಾಗ ಬೆಳಕು ಕಣ್ಣಿಗೆ ಚುಚ್ಚಿತು. ಅವಳ ಕೈ, ಮುಖ, ಅಂಗಿ ಎಲ್ಲ ಮಸಿ. ಏನನ್ನೂ ಮುಟ್ಟದೆ ಕೈ ಮೇಲೆತ್ತಿಕೊಂಡು ನಿಂತಳು. ಕುಬೀನೋವಾ ಮೇಡಂ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಗಾಯ ಆಗಿದ್ಯಾ?”

“ಮೊಣಕೈ ಮಾತ್ರ.”

“ಹೆಸರೇನು?”

“ವೆಂದುಲಾ.”

“ಮೂವತ್ತು ವರ್ಷದಿಂದ ಇಲ್ಲಿದ್ದೀನಿ, ವೆಂದುಲಾ. ಗಾಳಿ ಕೆಮ್ಮಿದ್ದನ್ನ ಇವತ್ತೇ ಕೇಳಿದ್ದು.” ಅವರು ಹೆಡ್ವಿಕಾ ಕಡೆ ಕೈ ಚಾಚಿದರು. ಹೆಡ್ವಿಕಾ ಗೊಂಚಲು ಕೊಟ್ಟಳು. “ಮಂಗಳವಾರ ಎಂಟಕ್ಕೆ ಬಾ. ಮಾತಾಡೋಣ. ಈಗ ಮೊದಲು ಇವಳ ಕೈ ತೊಳೆಸು.”

ಅಂಗಳದ ನಲ್ಲಿಯ ನೀರು ಮಂಜಿನಂತೆ ತಣ್ಣಗಿತ್ತು. ಹೆಡ್ವಿಕಾ ತಂಗಿಯ ಬೆರಳುಗಳನ್ನು ಒಂದೊಂದಾಗಿ ಉಜ್ಜಿದಳು. ಮಸಿ ಹೋಗಲು ಬಹಳ ಹೊತ್ತು ಹಿಡಿಯಿತು.

“ಕೆಲಸ ಹೋಯ್ತಾ?” ಎಂದು ಕೇಳಿದಳು ವೆಂದುಲಾ.

“ಗೊತ್ತಿಲ್ಲ.” ಮತ್ತೊಂದು ಬೆರಳು ಉಜ್ಜುತ್ತಾ ಹೆಡ್ವಿಕಾ ಹೇಳಿದಳು, “ಕೆಮ್ಮಿದ ತಕ್ಷಣ ನೀನೇ ಅಂತ ಗೊತ್ತಾಯ್ತು ಕಣೇ. ಆದ್ರೂ ಎರಡು ಕೋಣೆ ಸುಮ್ನಿದ್ದೆ. ಈಗ ಹೇಳ್ತೀನಿ, ಈ ವಾಕ್ಯ ಮುಗೀಲಿ, ಆಮೇಲೆ ಹೇಳ್ತೀನಿ... ಹಾಗೇ ಎರಡು ಕೋಣೆ.”

ವೆಂದುಲಾ ಕತ್ತಲಲ್ಲಿ ಕೆಳಗಿಳಿದ ತನ್ನ ಮುಷ್ಟಿಯನ್ನು ನೆನೆದಳು. ಅಕ್ಕನ ಕೆಲಸ ಉಳಿಯಲಿ ಎಂದು ಇಳಿಸಿದೆ ಎಂದುಕೊಂಡಿದ್ದಳು. ಅದು ಪೂರ್ತಿ ನಿಜವಲ್ಲ. ಮೇಡಂ ಧ್ವನಿ ಅಷ್ಟು ಹತ್ತಿರದಿಂದ ಬಂದಾಗ ಕಾಲು ನಡುಗಿದ್ದೂ ನಿಜ.

“ಊಟದ ಕೋಣೇಲಿ ನಂಗೆ ಬಡಿಯೋಕೆ ಆಗ್ತಿತ್ತು,” ಎಂದಳು. “ಬಡೀಲಿಲ್ಲ.”

ಹೆಡ್ವಿಕಾ ಉಜ್ಜುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಗೇಟಿನ ಹೊರಗಿನ ಕಲ್ಲುಕಟ್ಟೆಯ ಮೇಲೆ ಕೂತರು. ಹೆಡ್ವಿಕಾ ತನ್ನ ಚೀಲವನ್ನು ಇಬ್ಬರ ನಡುವೆ ಇಟ್ಟಿದ್ದಳು. ವೆಂದುಲಾ ಅದನ್ನು ಎತ್ತಿ ಆಚೆ ಬದಿಗಿಟ್ಟು, ಹತ್ತಿರ ಸರಿದು ಕೂತಳು.