ಮಾವಿನ ಕೋಣೆಯ ರೂಟರ್

ಬಾಗಿಲ ಕೆಳಗಿನಿಂದ ಮಾವಿನ ಐಸ್‌ಕ್ರೀಮ್ ಹರಿದು ಬರುತ್ತಿತ್ತು.

ಶುಕ್ರ-ಶನಿ ರಜೆ ಮುಗಿದು, ಭಾನುವಾರ ಬೆಳಿಗ್ಗೆ ಕುವೈತಿನ ಶುವೈಖ್‌ನ ನಮ್ಮ ಗೋದಾಮು ತೆರೆದವನು ನಾನೇ, ಅಕೌಂಟೆಂಟ್ ಮಧುಸೂದನ್. ಕಾಲಿಟ್ಟೆ, ಜಾರಿದೆ, ಬಿದ್ದೆ. ಹೊಟ್ಟೆ ಉರಿದುಹೋಯಿತು. ಬಿದ್ದದ್ದಕ್ಕಲ್ಲ, ಐಸ್‌ಕ್ರೀಮಿಗೆ!

ಈ ಐಸ್‌ಕ್ರೀಮ್ ಇಡುವ ಶೀತಲ ಕೋಣೆ, ನಮ್ಮ ಬಾಯಲ್ಲಿ ಮಾವಿನ ಕೋಣೆ, ಬಿಸಿಯಾದರೆ ಆಫೀಸಿನ ಕಂಪ್ಯೂಟರ್ ಕಿರುಚಬೇಕು, ಮೊಬೈಲಿಗೆ ಅಲಾರಂ ಬರಬೇಕು. ಈ ಸಲ ಕಂಪ್ರೆಸರ್ ನಿಂತರೂ ಯಾವುದೂ ಪಿಟಕ್ಕೆನ್ನಲಿಲ್ಲ.

ಕಫೀಲ್, ನಮಗೆಲ್ಲ ವೀಸಾ ಕೊಟ್ಟ ಕುವೈತಿ ಮಾಲೀಕರು, ಕೆಂಡವಾಗಿ ಬಂದರು. ಹೊಸ ಸೂಪರ್‌ವೈಸರ್ ಗುರುಕಿರಣ್ ಅವರ ಕಿವಿಯಲ್ಲಿ ಏನೋ ಹೇಳಿದ. ಮಾವಿನ ಕೋಣೆಯಿಂದ ಅಲಾರಂ ಕಳಿಸುವ ರೂಟರನ್ನು ಯಾರೋ ಬದಲಿಸಿದ್ದಾರಂತೆ. ತಾನಂತೂ ಮುಟ್ಟಿಲ್ಲವಂತೆ. ಅದರ ಪೆಟ್ಟಿಗೆಯ ಕೀಲಿ ಇರುವುದು ಗುರುಕಿರಣ್ ಬಳಿ, ಮೆಕ್ಯಾನಿಕ್ ಫ್ರೆಡ್ರಿಕ್ ಬಳಿ, ಅಷ್ಟೇ.

"ಫ್ರೆಡ್ರಿಕ್, ಖಲಾಸ್! ಇಕಾಮಾ ಕ್ಯಾನ್ಸಲ್!" ಎಂದು ಕಫೀಲ್ ಗುಡುಗಿದರು.

ಫ್ರೆಡ್ರಿಕ್‌ನ ಮುಖ ಬಿಳಿಚಿತು. ಮಂಗಳೂರಿನವನು, ಇಲ್ಲೇ ಖೈತಾನ್‌ನಲ್ಲಿ ಸಂಸಾರ. ಮಗಳು ಕ್ಲಾರಿಸ್ಸಾಗೆ ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಿದೆ. ಇಕಾಮಾ ಅಂದರೆ ಇಲ್ಲಿರಲು ಪರವಾನಗಿ; ಅಪ್ಪನದು ಹೋದರೆ ಮಗಳೂ ಊರಿಗೆ.

"ನಾನು ಮುಟ್ಲೇ ಇಲ್ಲ ಮಾರಾಯ್ರೇ!" ಎಂದ.

ನಾನು ಸುಮ್ಮನಿರಲಿಲ್ಲ. ಸಂಜೆಯವರೆಗೆ ಕಫೀಲರ ಬಳಿ ಸಮಯ ಬೇಡಿ, ಹೆಂಡತಿಯ ತಂಗಿ ಪಾವನಾಗೆ ಫೋನ್ ಮಾಡಿದೆ. ದೊಡ್ಡ ಕಟ್ಟಡಗಳ ಎಸಿ, ಲಿಫ್ಟು, ಅಲಾರಂಗಳನ್ನೆಲ್ಲ ನೆಟ್‌ವರ್ಕಿಗೆ ಕಟ್ಟುವ ಎಂಜಿನಿಯರ್ ಅವಳು. ಬಲು ಚುರುಕು. ಬಾಯಿಯೂ ಅಷ್ಟೇ.

*

"ಹೊಸ ರೂಟರ್ ಕೆಟ್ಟಿರಬೇಕು" ಎಂದೆ, ಮಧ್ಯಾಹ್ನ ಗೋದಾಮಿಗೆ ಬಂದ ಪಾವನಾಗೆ.

"ಕೆಟ್ಟಿಲ್ಲ ಭಾವಾ. ನಿಮ್ಮ ಅಂದಾಜೇ ಕೆಟ್ಟಿರೋದು."

ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. "ಕೋಣೆಗೊಂದು ರೂಟರ್, ರೂಟರ್‌ಗೊಂದು ನೆಟ್‌ವರ್ಕ್ ನಂಬರ್. ಕೋಣೆಯ ಸುದ್ದಿ ಆಫೀಸಿಗೆ ಬರೋದು ಆ ನಂಬರ್ ಹಿಡ್ಕೊಂಡೇ. ಮೀನಿನ ಕೋಣೆಯದು ಏಳು. ಇದಕ್ಕೂ ಏಳೇ ಕೊಟ್ಟಿದ್ದಾರೆ. ಒಂದೇ ಬೀದೀಲಿ ಎರಡು ಮನೆಗೆ ಒಂದೇ ನಂಬರ್ ಇದ್ರೆ ಪೋಸ್ಟ್‌ಮ್ಯಾನ್ ಏನ್ಮಾಡ್ಬೇಕು?"

"ಹಾಗಾದ್ರೆ ಬೇಕಂತಲೇ ಮಾಡಿದ್ದಾ?"

ಪಾವನಾ ರೂಟರಿನ ಪೆಟ್ಟಿಗೆಗೆ ಬಗ್ಗಿದಳು. ಪೆಟ್ಟಿಗೆಯೊಳಗಿನ ಹಳೆಯ ಚೀಟಿಯನ್ನೇ ನೋಡುತ್ತಿದ್ದಳು. ಹಿಂದೆ ಇಲ್ಲಿದ್ದ ಈಜಿಪ್ಟಿನ ಫಿಟ್ಟರ್ ಅಂಟಿಸಿದ್ದು. ಅದರ ಮೇಲೆ ಈ ಕೋಣೆಯ ನೆಟ್‌ವರ್ಕ್ ನಂಬರ್, ಒಂದೇ ಒಂದು ಅಂಕಿ. ಅವಳ ಮುಖದಲ್ಲಿ ನಗು ಮೂಡಿತು.

"ಕೀಲಿ ಇರೋ ಇಬ್ಬರನ್ನೂ ಕರೀರಿ. ಬೇರೆ ಬೇರೆಯಾಗಿ."

*

ಫ್ರೆಡ್ರಿಕ್ ಮೊದಲು ಬಂದ. ಪಾವನಾ ಚೀಟಿ ತೋರಿಸಿದಳು. "ಏನಿದು?"

"ಆರು" ಎಂದ, ಕಣ್ಣೂ ಮಿಟುಕಿಸದೆ.

ಗುರುಕಿರಣ್ ಬಂದ, ಅದೇ ಚೀಟಿ ನೋಡಿದ. "ಏಳಲ್ವಾ ಮೇಡಂ? ಯಾಕೆ?"

ಪಕ್ಕದಲ್ಲೇ ನಿಂತಿದ್ದ ಕಫೀಲ್ ಹುಬ್ಬು ಗಂಟಿಕ್ಕಿದರು. "ಏಳು? ಇದು ಸಿತ್ತಾ! ಆರು!"

ಪಾವನಾ ಬಿಡಿಸಿ ಹೇಳಿದಳು. ಅರಬ್ಬಿಯ ಆರು ನೋಡಲು ಥೇಟ್ ಇಂಗ್ಲಿಷಿನ ಏಳು. ಕುವೈತಿಗೆ ಹೊಸದಾಗಿ ಬಂದವರೆಲ್ಲ ಇಲ್ಲಿ ಒಮ್ಮೆ ಎಡವುವವರೇ. ಇಪ್ಪತ್ತು ವರ್ಷ ಇಲ್ಲಿ ಅರಬ್ಬಿ ಅಂಕಿಯ ಬೆಲೆ ಓದಿ ಸಾಮಾನು ಕೊಂಡ ಫ್ರೆಡ್ರಿಕ್ ಇದನ್ನು ಏಳೆಂದು ಓದಲಾರ. ಕೀಲಿ ಇರುವುದು ಇಬ್ಬರ ಬಳಿ. ಹಾಗಾದರೆ ರೂಟರ್‌ಗೆ ಏಳು ಕೊಟ್ಟವರು ಯಾರು?

ಗುರುಕಿರಣ್ ಕುಸಿದು ಕುಳಿತ. "ಶುಕ್ರವಾರ ರಜೆ, ಫ್ರೆಡ್ರಿಕ್ ಚರ್ಚಿಗೆ ಹೋಗಿದ್ರು. ಹೊಸ ರೂಟರ್ ಹಾಕೋ ಕೆಲಸ ನಾನೊಬ್ನೇ ಮಾಡಿ ಮುಗಿಸಿ ಭೇಷ್ ಅನ್ನಿಸ್ಕೊಳ್ಳೋಣ ಅಂತ... ಐಸ್‌ಕ್ರೀಮ್ ಕರಗಿದ್ದು ನೋಡಿ ಹೆದರ್ಕೊಂಡೆ."

"ಹೆದರಿಕೆ ತಪ್ಪಲ್ಲ" ಎಂದಳು ಪಾವನಾ. "ಇನ್ನೊಬ್ರ ತಲೆಗೆ ಕಟ್ಟಿದ್ಯಲ್ಲ, ಅದು."

ಕಫೀಲ್ ಫ್ರೆಡ್ರಿಕ್‌ನ ಹೆಗಲು ಹಿಡಿದು ಮಾಫಿ ಕೇಳಿದರು. ಗುರುಕಿರಣನನ್ನು ಕರೆದುಕೊಂಡು ಒಳಗೆ ಹೋದರು. ನನಗಂತೂ ಎದೆ ತಂಪಾಯಿತು.

ಫ್ರೆಡ್ರಿಕ್ ಮನೆಗೆ ಫೋನ್ ಮಾಡಿದ. ಮಗಳೇ ಎತ್ತಿದಳು. ಪರೀಕ್ಷೆ ಇಲ್ಲೇ ಬರೆಯುತ್ತೀ ಎಂದು ಕೊಂಕಣಿಯಲ್ಲಿ ಹೇಳುವಷ್ಟರಲ್ಲಿ, ದೊಡ್ಡ ಗಂಡಸು, ಗಳಗಳನೆ ಅತ್ತುಬಿಟ್ಟ.