ದಿಂಬಿನ ಕೆಳಗಿನ ಹದಿನೈದು ಬೀಜಗಳು

"ಏನ್ರೀ ಇದು?"

ಅಂಗೈಯಲ್ಲಿದ್ದ ಬೀಜಗಳನ್ನು ಅವಳು ಅಡುಗೆಕಟ್ಟೆಯ ಮೇಲೆ ಸುರಿದಳು. ಅವಳ ಮೂರನೇ ಮಹಡಿಯ ಮನೆಯಿದ್ದ ಕಟ್ಟಡದಲ್ಲೇ ಕೆಳಗಿದ್ದ ಹೋಟೆಲಿನ ಬಾಣಸಿಗ ಚಾಕು ನಿಲ್ಲಿಸಿ ತಲೆಯೆತ್ತಿದ.

"ಆಲಿವ್ ಬೀಜ, ಮೇಡಂ."

"ಹದಿನೈದು! ಅಪ್ಪನ ದಿಂಬಿನ ಕೆಳಗೆ ಸಿಕ್ಕಿದ್ದು. ಅವರಿಗೆ ಬಿಪಿ ಇದೆ. ಇದು ಉಪ್ಪುನೀರಲ್ಲಿ ಹಾಕಿಟ್ಟ ಕಾಯಿ... ಒಂದೇ ದಿನಕ್ಕೆ ಇಷ್ಟು ತಿನ್ನಿಸ್ತೀರಾ? ಆಸ್ಪತ್ರೆಯಲ್ಲಿ ಊರವರಿಗೆಲ್ಲ ಪಥ್ಯ ಹೇಳೋಳು ನಾನು. ನನ್ನ ಮನೆಯಲ್ಲೇ ಹೀಗಾ?"

"ಒಂದೇ ದಿನಕ್ಕಲ್ಲ..."

"ಇನ್ಮೇಲೆ ನಿಮ್ಮ ಊಟದ ಡಬ್ಬಿ ನಮ್ಮನೆಗೆ ಬರಕೂಡದು!"

ಅವನು ತಲೆ ತಗ್ಗಿಸಿ ಬೀಜಗಳನ್ನು ಬಾಚಿಕೊಂಡ. ಅದು ಅವಳಿಗೆ ತಪ್ಪೊಪ್ಪಿಗೆಯಂತೆ ಕಂಡಿತು.

ಮುಂದಿನ ಮೂರು ದಿನ ಅವಳು ಬೇಯಿಸಿದ ಉಪ್ಪಿಲ್ಲದ ತರಕಾರಿಯನ್ನು ಅಪ್ಪ ಮೂಸಿ ಸರಿಸಿದರು. ಕೆನ್ನೆ ಒಳಕ್ಕೆ ಹೋಯಿತು.

"ಅಪ್ಪಾ, ಎರಡು ತುತ್ತಾದರೂ..."

"ಸಪ್ಪೆ ತಿಂದು ನೂರು ವರ್ಷ ಬದುಕಿ ಏನ್ ಮಾಡ್ಲಮ್ಮ? ಅವನು ದಿನಕ್ಕೆ ಐದೇ ಕಾಯಿ ಹಾಕ್ತಿದ್ದ, ಟೊಮೇಟೊ ಜೊತೆ. ಬೇರೆ ಉಪ್ಪು ಒಂದು ಕಾಳೂ ಇಲ್ಲ. ಅವು ಮೂರು ದಿನದ ಬೀಜ. ನಿನಗೆ ಹೆದರಿ ಬಚ್ಚಿಟ್ಟಿದ್ದೆ!"

ಅಯ್ಯೋ... ಬೀಜ ಎಣಿಸಿದೆ, ಅವನನ್ನು ಕೇಳಲೇ ಇಲ್ಲವಲ್ಲ!

ಅವಳು ಮೆಟ್ಟಿಲಿಳಿದು ಓಡಿದಳು. ಹೋಟೆಲಿನ ಅಡುಗೆಮನೆಯ ಕಿಟಕಿಯಲ್ಲಿ ಒಂದು ಬಟ್ಟಲು. ತಿಳಿನೀರಲ್ಲಿ ಐದು ಆಲಿವ್. ಪಕ್ಕದ ಚೀಟಿಯಲ್ಲಿ ಇಂದಿನ ತಾರೀಖು: 'ಮೇಲಿನ ಮನೆ ಯಜಮಾನರಿಗೆ. ಉಪ್ಪಿಳಿಯಲು ನೀರು ಬದಲಿಸಿದ್ದು ಎರಡು ಸಲ.'

"ಬೇಡ ಅಂದಿದ್ದೆನಲ್ಲ... ಮತ್ತೆ ಇದು?"

"ನೀವು ಬರಬಹುದು ಅಂತ ದಿನಾ ನೆನೆಸ್ತೀನಿ. ಬರದಿದ್ರೆ ನಾನೇ ತಿಂತೀನಿ. ಮೂರು ದಿನದಿಂದ ನಂದೂ ಪಥ್ಯವೇ!"

ಅವಳಿಗೆ ನಗುವೂ ಕಣ್ಣೀರೂ ಒಟ್ಟಿಗೇ ಬಂದವು.

"ಕ್ಷಮಿಸಿ... ಆದ್ರೆ ನೆನೆಸಿದ್ರೂ ಉಪ್ಪು ಪೂರ್ತಿ ಹೋಗಲ್ಲ, ಸ್ವಲ್ಪ ಇಳಿಯುತ್ತೆ ಅಷ್ಟೇ. ಅದರ ಎಣ್ಣೆ ಹೃದಯಕ್ಕೆ ಒಳ್ಳೇದು, ಒಪ್ತೀನಿ. ಐದು ಕಾಯಿಯ ಉಪ್ಪೂ ದಿನದ ಲೆಕ್ಕಕ್ಕೆ ಸೇರಬೇಕು. ಡಾಕ್ಟರನ್ನೂ ಕೇಳ್ತೀನಿ."

"ಕೇಳಿ. ಮರದಿಂದ ಕಿತ್ತ ಆಲಿವ್ ಬಾಯಿಗಿಡೋಕಾಗಲ್ಲ, ಅಷ್ಟು ಕಹಿ. ಉಪ್ಪುನೀರಲ್ಲಿಟ್ಟು ವಾರಗಟ್ಟಲೆ ಕಾದ್ರೇನೇ ರುಚಿ. ನಂಗೆ ಕಾಯೋದು ಅಭ್ಯಾಸ ಮೇಡಂ."

"ಯಾರಿಗಾಗಿ?"

ಅವನ ಕಿವಿ ಕೆಂಪಾಯಿತು. "ಹೋಟೆಲಲ್ಲಿ ಕೆಲಸದವರು ಇದ್ರೂ ಮೂರು ಮಹಡಿ ಹತ್ತಿ ಡಬ್ಬಿ ನಾನೇ ತರ್ತಿದ್ದೆ. ಯಾವಾಗ್ಲೂ ಯಜಮಾನ್ರೇ ಬಾಗಿಲು ತೆಗೆಯೋರು... ಒಂದಿನ ನೀವು ತೆಗೀಬಹುದು ಅಂತ."

ಅವಳು ಬಟ್ಟಲನ್ನು ಅವನ ಕಡೆ ಸರಿಸಿದಳು.

"ನಾಳೆ ಬಾಗಿಲು ನಾನೇ ತೆಗೀತೀನಿ."

"ಬೀಜ ಎಣಿಸೋಕಾ?"

"ಹೂಂ... ನಿಮ್ಮ ತಟ್ಟೆದೂ ಸೇರಿಸಿ. ಊಟ ನಮ್ಮ ಜೊತೆ."