ಹತ್ತು ಸಾವಿರದ ನಾನೂರಾ ಮೂರು ಕಾಳು

“ಮುಟ್ಟಬ್ಯಾಡ!”

ಎಣಿಸಿಟ್ಟ ಜೋಳದ ರಾಶಿಯತ್ತ ಚಾಚಿದ ಬಾಳವ್ವನ ಕೈ ಗಕ್ಕನೆ ನಿಂತಿತು. ತಡೆದವನು ರಾಚಪ್ಪ, ಧುಪದಾಳದಿಂದ ಅವಳನ್ನು ನೋಡಲು ಬಂದ ಗಂಡು. ಅವನು ಅವಳೊಡನೆ ಆಡಿದ ಮೊದಲ ಮಾತೇ ಅದು! ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು...

ಬ್ರಿಟಿಷರ ಕಾಲದ ಮಾತಿದು. ರಾಚಪ್ಪನ ಮನೆತನದ ಪದ್ಧತಿಯೇ ವಿಚಿತ್ರ. ಗಂಡು ಒಂದು ಬೊಗಸೆ, ಹೆಣ್ಣು ಒಂದು ಬೊಗಸೆ ಜೋಳ ಸುರಿಯಬೇಕು. ಎರಡನ್ನೂ ಬೆರೆಸಿ ಕಾಳು ಎಣಿಸಬೇಕು. ಬಂದ ಸಂಖ್ಯೆ ಎರಡಕ್ಕೋ ಮೂರಕ್ಕೋ, ಯಾವುದಾದರೊಂದು ಲೆಕ್ಕಕ್ಕೆ ಉಳಿಕೆಯಿಲ್ಲದೆ ಸಮಪಾಲಾಗಿ ಒಡೆದರೆ ಲಗ್ನ. ಒಡೆಯದಿದ್ದರೆ ಇಬ್ಬರಲ್ಲೊಬ್ಬರು ಸತ್ತು ಇನ್ನೊಬ್ಬರು ಒಂಟಿಯಾಗುತ್ತಾರಂತೆ!

ಮಸಗುಪ್ಪಿಯ ಬಾಳವ್ವನ ಮನೆಯ ಪಡಸಾಲೆಯಲ್ಲಿ ಬೆಳಗಿನಿಂದ ಎಣಿಸಿ ಬಂದದ್ದು ಹತ್ತು ಸಾವಿರದ ನಾನೂರಾ ಮೂರು. ರಾಚಪ್ಪನ ಅಜ್ಜ ಮುರಿಗೆಪ್ಪ ತನಗೆ ಬರುವ ಮಗ್ಗಿಗಳನ್ನೆಲ್ಲ, ಎರಡರಿಂದ ಮೂವತ್ತರವರೆಗೆ, ಹಚ್ಚಿ ನೋಡಿದ. ಯಾವುದಕ್ಕೂ ಒಡೆಯಲಿಲ್ಲ.

“ನಮ್ಮ ಹಿರಿ ಮೊಮ್ಮಗನ ಹೇಣ್ತಿ ಕಾಶೆವ್ವನ ರಾಶಿನೂ ಹಿಂಗ ಒಡೀಲಿಲ್ಲ,” ಎಂದ ಅಜ್ಜ. “ಯಾರೂ ಕಿವಿಮ್ಯಾಲ ಹಾಕ್ಕೊಳ್ಳಲಿಲ್ಲ. ವರ್ಷದಾಗ ಹೊಳಿ ಪಾಲಾದ್ಲು. ಏಳ್ರಿ, ಹೋಗೂಣು.”

ರಾಚಪ್ಪ ತಲೆ ತಗ್ಗಿಸಿ ಎದ್ದು ನಿಂತ. ಬಾಳವ್ವನ ಎದೆ ಉರಿಯಿತು.

‘ಹುಕ್ಕೇರಿ ಸಂತ್ಯಾಗ ನನ್ನ ನೋಡಿ ತಾನ ಕೇಳ್ಕೊಂಡು ಬಂದಾಂವ... ಈಗ ತನ್ನ ಜೀವದ ಆಸೆಗೆ ಬಿಟ್ಟು ಹೊಂಟಾನ!’

ಆದರೆ ಅವಳು ಶಾಲೆಯ ಮಾಸ್ತರನ ಮಗಳು. ಮೂವತ್ತರ ಆಚೆಗೂ ಲೆಕ್ಕವಿದೆ ಎಂದು ಬಲ್ಲವಳು.

“ಅಜ್ಜಾರ, ಹೊತ್ತು ಮುಳುಗೂತನಾ ಕುಂದರ್ರಿ.”

ಸಾರಿಸಿದ ನೆಲದ ಮೇಲೆ ಅವಳು, ಚೌಕವಾಗುತ್ತದೇನೋ ನೋಡಲು, ಸಾಲಿಗೆ ನೂರಾ ಎರಡರಂತೆ ಕಾಳು ಜೋಡಿಸತೊಡಗಿದಳು. ಅವ್ವ, ಅತ್ತಿಗೆ ಅಳುತ್ತಲೇ ಕೈ ಹಾಕಿದರು. ನೂರಾ ಎರಡನೆಯ ಸಾಲಿನ ತುದಿಗೆ ಬರುವಾಗ ಕಾಳು ತೀರಿತು. ಮೂಲೆಯಲ್ಲಿ ಒಂದೇ ಒಂದು ಜಾಗ ಖಾಲಿ!

“ಒಂದು ಕಾಳು ಕಮ್ಮಿ...” ಅಜ್ಜ ಆ ಖಾಲಿ ಜಾಗದತ್ತ ಬೆರಳು ತೋರಿಸಿದ. “ಅದು ನಿನ್ನ ಜಾಗಾನ ಐತಿ, ತಂಗಿ.”

ಬಾಳವ್ವ ಕೈ ಹಿಂದೆಗೆಯಲಿಲ್ಲ. ಆ ಕೊನೆಯ ಸಾಲಿನ ನೂರಾ ಒಂದು ಕಾಳನ್ನು ಬಳಿದುಕೊಂಡು, ಉಳಿದ ನೂರಾ ಒಂದು ಸಾಲುಗಳ ತುದಿಗೆ ಒಂದೊಂದಾಗಿ ಇಟ್ಟಳು. ಈಗ ಸಾಲಿಗೆ ನೂರಾ ಮೂರು. ಒಂದು ಕಾಳು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ!

“ಒಡೀತಲ್ರಿ! ನೂರಾ ಒಂದು, ನೂರಾ ಮೂರು. ಇದು ಪಾಲಾಗೂದು ಈ ಎರಡರಿಂದ ಅಷ್ಟ. ಮತ್ತೊಂದಕ್ಕ ಜಾಗಾ ಇಲ್ಲ.”

ಮುರಿಗೆಪ್ಪ ಸಾಲುಗಳನ್ನು ಮತ್ತೆ ಮತ್ತೆ ಎಣಿಸಿದ. “ಲಗ್ನ ಹಿಡೀರಿ,” ಎಂದ. ಮುಖ ಮಾತ್ರ ಗೆಲುವಾಗಲಿಲ್ಲ.

ರಾಚಪ್ಪ ಬಾಳವ್ವ ನಿಂತ ಬಾಗಿಲ ಮರೆಗೆ ಬಂದ.

“ನಾ ನನ್ನ ಜೀವಕ್ಕ ಅಂಜಿದ್ದಿಲ್ಲ ಬಾಳವ್ವಾ, ನಿನ್ನ ಜೀವಕ್ಕ ಅಂಜಿದ್ನಿ. ನಿನ್ನ ಬಿಟ್ಟು ನನಗ ಯಾರೂ ಬ್ಯಾಡ...”

ಅವಳ ಕಣ್ಣು ತುಂಬಿದವು. “ಕಾಶೆವ್ವಕ್ಕನ ಕಾಳೂ ಮೂವತ್ತರ ಆಚೆ ಒಡೀತಿದ್ವೇನೋ... ಯಾರಿಗ್ಗೊತ್ತು?”

“ಒಡದಿದ್ರೂ ಹೊಳಿಗೆ ಲೆಕ್ಕ ತಿಳೀತೈತೇನು? ನೀ ನೀರಿಗೆ ಒಬ್ಬಾಕಿನ ಹೋಗಬ್ಯಾಡ.”

“ಹೋಗೂದಿಲ್ರಿ.” ಅವಳು ಅವನ ಬೆರಳು ಹಿಡಿದಳು. “ನೀವು ಬರೂತನಾ ಖಾಲಿ ಕೊಡ ಹಿಡಕೊಂಡು ಹೊಸ್ತಿಲದಾಗ ನಿಂತಿರ್ತೀನಿ.”